ಮೂತಿ ಲಾರಿಗೆ ಮ್ಯೂಸಿಯಂ ದಾರಿ ಯಾಕಿಷ್ಟು ದೂರ?

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಮಾವನ ತೋಟದಲ್ಲಿ ಒಂದು ಲಾರಿ ನಿಂತಿದೆ. ಮೂತಿ ಮುಂದಕ್ಕೆ ಚಾಚಿದ ಹಳೇ ಫಾರ್ಗೋ. ಬಾನೆಟ್ಟಿನ ಒಂದು ಬದಿ ಎತ್ತಿದರೆ ಒಳಗೆ ಕೋಳಿ ಕಾವಿಗೆ ಕೂತಿರುತ್ತದೆ. ಹಿಂದಿನ ಡಬ್ಬಿಯಲ್ಲಿ ಮಳೆಗಾಲಕ್ಕೆಂದು ಒಣ ಮಡಲು ತುಂಬಿಸಿಟ್ಟಿದ್ದಾರೆ. ಬಂದ ನೆಂಟರೆಲ್ಲ ಹೇಳುವುದು ಒಂದೇ, 'ಮಾವ, ಇದನ್ನು ಮ್ಯೂಸಿಯಮ್ಮಿಗೆ ಕೊಡಬಹುದಲ್ವಾ?' ಮಾವ ನಗುತ್ತಾರೆ, ಅಷ್ಟೇ. ಯಾಕೆ ನಗುತ್ತಾರೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಮೆರಿಕದ ಅಯೋವಾದಲ್ಲಿ ಲಾರಿಗಳಿಗೆಂದೇ ಒಂದು ಮ್ಯೂಸಿಯಂ ಇದೆ, ಹೆಸರು ಅಯೋವಾ 80. ಹೆದ್ದಾರಿ ಬದಿಯಲ್ಲಿ ಟ್ರಕ್ ತಂಗುದಾಣ ನಡೆಸುತ್ತಿದ್ದ ಬಿಲ್ ಮೂನ್ ಎಂಬವರು ಕೂಡಿಟ್ಟ ಗಾಡಿಗಳಿಂದ ಶುರುವಾದದ್ದು. ಅಲ್ಲಿ 1910ರ ಏವರಿ ಕಂಪನಿಯ ಒಂದು ಕೃಷಿ ಗಾಡಿ ಇದೆ. ಸರಕು ಹೊರುವುದೂ ಅದೇ, ಹೊಲ ಉಳುವುದೂ ಅದೇ. ಬೆಲ್ಟ್ ಹಾಕಿದರೆ ಬೇರೆ ಯಂತ್ರವನ್ನೂ ತಿರುಗಿಸುತ್ತಿತ್ತು. ಆಮೇಲೆ 1917ಕ್ಕೆ ಫೋರ್ಡಿನ ಒಂದು ಟನ್ನಿನ ಟಿಟಿ, 1925ಕ್ಕೆ ಅದೇ ಕಂಪನಿಯ ಪಿಕಪ್, 1945ಕ್ಕೆ ಯುದ್ಧ ಮುಗಿಸಿಕೊಂಡು ರೈತರ ಹೊಲಕ್ಕೇ ಬಂದ ವಿಲ್ಲಿಸ್ ಜೀಪು. ಅಲ್ಲಿ ರೈತನ ಗಾಡಿ ಅಂದರೆ ಮೊದಲಿನಿಂದಲೂ ಅದೊಂದು ಬೇರೆಯೇ ಜಾತಿ.

ನಮ್ಮಲ್ಲಿ ಹಾಗಲ್ಲ. ಲಾರಿ ಬಂದದ್ದು ಪೇಟೆಗೆ. ತೋಟಕ್ಕೆ ಬರುವ ಹೊತ್ತಿಗೆ ಅದಕ್ಕೆ ವಯಸ್ಸಾಗಿತ್ತು. ಸ್ವಾತಂತ್ರ್ಯದ ನಂತರ ಮುಂಬಯಿಯ ಪ್ರೀಮಿಯರ್ ಕಂಪನಿ ಡಾಡ್ಜ್, ಫಾರ್ಗೋ ಮಾಡಿತು. ಹಿಂದೂಸ್ತಾನ್ ಮೋಟಾರ್ಸ್ ಬೆಡ್‌ಫೋರ್ಡ್ ಮಾಡಿತು. 1954ರಲ್ಲಿ ಟಾಟಾ ಮತ್ತು ಜರ್ಮನಿಯ ಡೈಮ್ಲರ್ ಬೆಂಜ್ ಕೈಜೋಡಿಸಿದವು. 1969ರವರೆಗೆ ಬಂದ ಆ ಲಾರಿಗಳನ್ನು ನಮ್ಮ ಹಿರಿಯರು ಈಗಲೂ 'ಬೆಂಜ್' ಅಂತಲೇ ಕರೆಯುವುದು. ಪೇಟೆಯ ಮಾಲಕರು ಸಾಕೆಂದು ಬಿಟ್ಟ ಗಾಡಿಗಳು ಪೆರ್ಲ, ಮುಳ್ಳೇರಿಯ, ಬಾಯಾರಿನ ಗುಡ್ಡೆ ದಾರಿಗೆ ಬಂದವು.

ಆ ಕಾಲ ನನಗೆ ಚೆನ್ನಾಗಿ ನೆನಪಿದೆ. ಎಪ್ಪತ್ತರ ದಶಕದ ಶುರುವಿಗೆ ಅಡಿಕೆ ಬೆಲೆ ಬಿದ್ದು ಎಲ್ಲರೂ ತಲೆ ಮೇಲೆ ಕೈ ಹೊತ್ತಿದ್ದರು. ವಾರಣಾಶಿ ಸುಬ್ರಾಯ ಭಟ್ಟರು ಮುಂದೆ ನಿಂತು 1973ರಲ್ಲಿ ಕರ್ನಾಟಕ, ಕೇರಳ ಎರಡೂ ರಾಜ್ಯದ ಬೆಳೆಗಾರರಿಗೆ ಕ್ಯಾಂಪ್ಕೋ ಎಂಬ ಸಹಕಾರಿ ಸಂಸ್ಥೆ ಕಟ್ಟಿದರು. ಆಮೇಲೆ ಅಡಿಕೆ ಗೋಣಿಗೆ ಒಂದು ದಾರಿ ಸಿಕ್ಕಿತು, ಗೋಣಿಯ ಹಿಂದೆ ಗಾಡಿಗೂ ಕೆಲಸ ಸಿಕ್ಕಿತು. ಮಾವನ ಲಾರಿ ಬೇಸಿಗೆಯಲ್ಲಿ ಮುರಕಲ್ಲು, ಅಂದರೆ ಮನೆ ಕಟ್ಟುವ ಕೆಂಪುಕಲ್ಲು ಹೊರುತ್ತಿತ್ತು, ಮಳೆಗೆ ಮೊದಲು ಗೊಬ್ಬರ, ಆಮೇಲೆ ಒಣಗಿಸಿದ ಚಾಲಿ ಅಡಿಕೆ. ಬೆಳಿಗ್ಗೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಬೇಕು. ಹೆಬ್ಬೆರಳನ್ನು ಹ್ಯಾಂಡಲಿನ ಸುತ್ತ ಹಿಡಿಯಬಾರದು, ಎಂಜಿನ್ ಹಿಂದಕ್ಕೆ ಒದ್ದರೆ ಬೆರಳು ಮುರಿದೀತು. ಏರು ದಾರಿಯಲ್ಲಿ ಕ್ಲೀನರ್ ಹುಡುಗ ಮರದ ತುಂಡು ಹಿಡಿದುಕೊಂಡು ಹಿಂಚಕ್ರದ ಪಕ್ಕದಲ್ಲೇ ಓಡುತ್ತಿದ್ದ. ಗಾಡಿ ನಿಂತ ಕೂಡಲೇ ತುಂಡು ಚಕ್ರದಡಿಗೆ. ಅವನಿಗೆ ಸಂಬಳ ಕಡಿಮೆ, ಮರ್ಯಾದೆ ಜಾಸ್ತಿ.

ಪೆಟ್ರೋಲ್ ದುಬಾರಿಯಾದಾಗ ಆ ಲಾರಿಯ ಎಂಜಿನ್ನನ್ನೇ ಕಿತ್ತು, ಮದ್ರಾಸಿನ ಸಿಂಪ್ಸನ್ ಕಂಪನಿಯ ಪರ್ಕಿನ್ಸ್ ಪಿ6 ಡೀಸೆಲ್ ಎಂಜಿನ್ ಕೂರಿಸಿದರು. ಡಬ್ಬಿ ಎರಡು ಸಲ ಹೊಸದಾಯಿತು, ಒಮ್ಮೆ ಹಲಸಿನ ಮರದ್ದು. ಜೀಪುಗಳ ಕತೆಯೂ ಇದೇ. ಇದನ್ನು ಯಾರೂ ತಪ್ಪು ಅಂದುಕೊಳ್ಳಲಿಲ್ಲ. ಗಾಡಿ ಬದುಕಿದ್ದೇ ಹಾಗೆ.

ಆಮೇಲಿನದು ಬೇಗ ಮುಗಿಯಿತು. 1986ಕ್ಕೆ ಟಾಟಾ 407 ಬಂತು, 2005ಕ್ಕೆ ಏಸ್. ಇವಕ್ಕೂ ಮೊದಲೇ ಬಂದಿದ್ದ ಬಜಾಜ್ ಟೆಂಪೋ ಗಾಡಿಗಳ ಹೆಸರು ಮಾತ್ರ ಉಳಿಯಿತು. ಈಗ ಯಾವ ಕಂಪನಿಯ ಸಣ್ಣ ಗೂಡ್ಸ್ ಗಾಡಿ ಬಂದರೂ ನಮ್ಮೂರಲ್ಲಿ ಅದು 'ಟೆಂಪೋ'. ಮೂತಿ ಲಾರಿಗಳು ಒಂದೊಂದಾಗಿ ಗುಜರಿಗೆ ಹೋದವು. 2021ರಲ್ಲಿ ಕೇಂದ್ರ ಗುಜರಿ ನೀತಿ ತಂದಿತು. 15 ವರ್ಷ ದಾಟಿದ ಭಾರಿ ಲಾರಿಯ ಫಿಟ್ನೆಸ್ ಸರ್ಟಿಫಿಕೇಟಿನ, ಅಂದರೆ ಎಫ್‌ಸಿ ಶುಲ್ಕ 2022ರ ಏಪ್ರಿಲಿನಿಂದ 12,500 ರೂಪಾಯಿ ಎಂದಾಯಿತು. ಹಳೇ ಗಾಡಿಯ ಹೊಗೆ ಒಳ್ಳೆಯದು ಅಂತ ನಾನೇನೂ ಹೇಳುವುದಿಲ್ಲ.

2021ರ ಜುಲೈಯಲ್ಲಿ ವಿಂಟೇಜ್ ವಾಹನಗಳ ನಿಯಮವೂ ಬಂತು. ಒಳ್ಳೆಯ ನಿಯಮವೇ. 50 ವರ್ಷ ದಾಟಿರಬೇಕು, 20,000 ರೂಪಾಯಿ ಕಟ್ಟಿದರೆ 'ವಿಎ' ಅಕ್ಷರವಿರುವ ಬೇರೆ ನಂಬರ್ ಸಿಗುತ್ತದೆ. ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ ರಸ್ತೆಗಿಳಿಸಬಹುದು. ಆದರೆ ಅದು ದ್ವಿಚಕ್ರ ವಾಹನಕ್ಕೆ ಮತ್ತು ಸ್ವಂತ ಬಳಕೆಯ ಕಾರು, ಜೀಪುಗಳಿಗೆ ಮಾತ್ರ. ಸರಕು ಹೊತ್ತ ಗಾಡಿ ಆ ಪಟ್ಟಿಯಲ್ಲೇ ಇಲ್ಲ. ಜೀಪಾದರೂ ದಾಟೀತು ಅಂದರೆ ಎರಡನೇ ಷರತ್ತು ಇದೆ: ಚಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು. ದುಡಿಯದೆ ಶೆಡ್ಡಿನಲ್ಲಿ ಕೂತ ಕಾರಿಗೆ ಇದು ಸುಲಭ. ಧರ್ಮಸ್ಥಳಕ್ಕೆ ಹೋದಾಗ ಅಲ್ಲಿನ ಹಳೇ ಕಾರುಗಳನ್ನು ನಾನೂ ಬಾಯಿಬಿಟ್ಟು ನೋಡಿದ್ದೇನೆ. ಆ ಹೊಳಪಿನ ಹಿಂದೆ ಎಷ್ಟು ಜನರ ಕೈ ಇದೆಯೋ! ಗೋಣಿ ಹೊತ್ತ ಗಾಡಿಗೆ ಅಂಥ ಕೈ ಸಿಗಲಿಲ್ಲ ಅನ್ನುವುದಷ್ಟೇ ನನ್ನ ಬೇಸರ.

ನಮ್ಮ ಗಡಿನಾಡಿಗೆ ಇನ್ನೊಂದು ಗಂಟು ಇದೆ, ಕಾಗದದ್ದು. ವಯಸ್ಸು ಲೆಕ್ಕ ಹಾಕುವುದು ಮೊದಲ ನೋಂದಣಿಯ ದಿನದಿಂದ. 1956ಕ್ಕೆ ಮೊದಲು ನಾವು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡದವರು. ಆಮೇಲೆ ಕೇರಳದ ಕಣ್ಣೂರು ಜಿಲ್ಲೆಯವರು. 1984ರಲ್ಲಿ ಕಾಸರಗೋಡೇ ಜಿಲ್ಲೆಯಾಯಿತು, ನಂಬರ್ ಪ್ಲೇಟಿಗೆ ಕೆಎಲ್ 14 ಬಂದದ್ದು ಅದಕ್ಕೂ ಆಮೇಲೆ. ಮಾವ ಆರ್‌ಸಿಯ ಹಳೇ ಕಡತ ಹುಡುಕಿಕೊಂಡು ಒಂದು ಕಚೇರಿಗೆ ಹೋಗಿದ್ದರು. ಅಲ್ಲಿದ್ದವರು ಇನ್ನೊಂದು ಕಚೇರಿ ತೋರಿಸಿದರು. ಅಲ್ಲಿನವರು ಮತ್ತೆ ಮೊದಲಿನದನ್ನೇ ತೋರಿಸಿದರು. ಮೂರನೇ ಸಲ ಮಾವ ಬಸ್ ಹತ್ತಲಿಲ್ಲ.

ಕಳೆದ ತಿಂಗಳು ಗುಜರಿಯವರು ಬಂದು ಲಾರಿಗೆ ಒಂದು ಸುತ್ತು ಹಾಕಿದರು. ಪ್ಲೇಟು, ಆಕ್ಸಲ್ಲು ಎಲ್ಲ ಬೆರಳಲ್ಲಿ ತಟ್ಟಿ ನೋಡಿ ಕಿಲೋ ಲೆಕ್ಕದಲ್ಲಿ ಒಂದು ರೇಟು ಹೇಳಿದರು. ಮಾವ ಹ್ಞೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

'ಕೋಳಿ ಕಾವಿಗೆ ಕೂತಿದೆ. ಮರಿಯಾದ ಮೇಲೆ ಬನ್ನಿ' ಅಂದರು.