ಜಗಳ ಎಣಿಕೆಗೆ ಬಂದಾಗ

ಒಂದು ಜೋಡಿ ಚಪ್ಪಲಿಯನ್ನು ಎರಡು ಚೀಲಕ್ಕೆ ಹಾಕಿ, ಒಂದನ್ನು ದೂರದ ಊರಿಗೆ ಕಳಿಸಿ. ನಿಮ್ಮ ಚೀಲ ಬಿಚ್ಚಿದಾಗ ಎಡಗಾಲಿನದು ಕಂಡರೆ, ಅಲ್ಲಿರುವುದು ಬಲಗಾಲಿನದು ಅಂತ ತಕ್ಷಣ ಗೊತ್ತಾಗುತ್ತದೆ. ಇದರಲ್ಲಿ ವಿಚಿತ್ರವೇನಿಲ್ಲ, ಅಲ್ವಾ? ಚೀಲ ಕಟ್ಟುವಾಗಲೇ ಅದು ತೀರ್ಮಾನವಾಗಿತ್ತು.

ಒಟ್ಟಿಗೆ ಹುಟ್ಟಿದ ಎರಡು ಕಣಗಳ ನಂಟೂ ಹೀಗೇ ಇರಬೇಕು ಎಂಬುದು 1935ರಲ್ಲಿ ಐನ್‌ಸ್ಟೈನ್ ಹೂಡಿದ ವಾದದ ತಿರುಳು. ಇನ್ನೊಬ್ಬ ಭೌತವಿಜ್ಞಾನಿ ನೀಲ್ಸ್ ಬೋರ್ ಒಪ್ಪಲಿಲ್ಲ. ಅಳೆಯುವ ಮುನ್ನವೇ ಉತ್ತರ ತೀರ್ಮಾನವಾಗಿರುತ್ತದೆ ಅನ್ನಲಾಗದು ಎಂಬುದು ಅವರ ನಿಲುವು. ಸುಮಾರು ಮೂವತ್ತು ವರ್ಷ ಇದು ಬರೀ ವಾದವಾಗಿಯೇ ಉಳಿಯಿತು.

1964ರಲ್ಲಿ ಭೌತವಿಜ್ಞಾನಿ ಜಾನ್ ಬೆಲ್ ಇದನ್ನು ಪ್ರಯೋಗದಿಂದ ತೀರ್ಮಾನಿಸುವ ಒಂದು ದಾರಿ ತೋರಿಸಿದರು. ಎರಡೂ ಕಡೆ ಅಳೆಯುವ ಕೋನ ಬದಲಿಸುತ್ತಾ ಹೋಗಿ, ಉತ್ತರಗಳು ಎಷ್ಟು ಸಲ ಹೊಂದುತ್ತವೆ ಅಂತ ಎಣಿಸಿ. ಎಲ್ಲವೂ ಮೊದಲೇ ತೀರ್ಮಾನವಾಗಿದ್ದು, ಒಂದು ಕಡೆಯ ಅಳತೆ ಇನ್ನೊಂದು ಕಡೆಗೆ ತಟ್ಟದಿದ್ದರೆ ಆ ಹೊಂದಾಣಿಕೆಗೆ ಒಂದು ಮಿತಿ ಇದೆ. ಬೇರೆ ಬೇರೆ ಕೋನಗಳ ಹೊಂದಾಣಿಕೆಯನ್ನು ಒಂದೇ ಅಂಕಿಯಾಗಿಸುವ, ಈಗ ಬಳಕೆಯಲ್ಲಿರುವ ಲೆಕ್ಕದಲ್ಲಿ ಆ ಮಿತಿ 2. ಅತಿ ಸಣ್ಣ ಕಣಗಳ ನಡತೆ ವಿವರಿಸುವ ಕ್ವಾಂಟಂ ಸಿದ್ಧಾಂತದ ಪ್ರಕಾರ ಆ ಅಂಕಿ 2.83ರ ತನಕ ಏರಬಹುದು. ತತ್ವಜ್ಞಾನದ ಜಗಳವೊಂದು ಕೂತು ಎಣಿಸುವ ಕೆಲಸವಾಯಿತಲ್ಲ, ಅದು ನನಗೆ ಇವತ್ತಿಗೂ ಮೈ ಜುಂ ಅನ್ನಿಸುವ ಸಂಗತಿ.

ಮೊದಲು ಎಣಿಸಿದವರು ಅಮೆರಿಕದ ಬರ್ಕ್ಲಿಯ ಜಾನ್ ಕ್ಲೌಸರ್ ಮತ್ತು ಸ್ಟುವರ್ಟ್ ಫ್ರೀಡ್‌ಮನ್, 1972ರಲ್ಲಿ. ಕ್ಯಾಲ್ಸಿಯಂ ಪರಮಾಣುಗಳಿಂದ ಜೋಡಿಯಾಗಿ ಹೊಮ್ಮುವ ಬೆಳಕಿನ ಕಣಗಳನ್ನು ಎರಡು ಶೋಧಕಗಳ ಮೂಲಕ ಹಾಯಿಸಿದರು. ಪೋಲರಾಯ್ಡ್ ಕೂಲಿಂಗ್ ಗ್ಲಾಸನ್ನು ಮೊಬೈಲ್ ಪರದೆಯ ಮುಂದೆ ತಿರುಗಿಸಿ ನೋಡಿ. ಯಾವುದೋ ಒಂದು ಕೋನದಲ್ಲಿ ಪರದೆ ಕಪ್ಪಾಗುತ್ತದೆ. ಆ ಶೋಧಕಗಳ ಕೆಲಸವೂ ಅದೇ. ಐನ್‌ಸ್ಟೈನ್ ಗೆಲ್ಲಲಿ ಅಂತ ಕ್ಲೌಸರ್ ಆಸೆಪಟ್ಟಿದ್ದರು. ಎಣಿಕೆ ಉಲ್ಟಾ ಬಂತು. ಬಂದಿದ್ದನ್ನು ಬಂದ ಹಾಗೇ ಪ್ರಕಟಿಸಿದರು.

ಆಮೇಲೆ ವಿಜ್ಞಾನಿಗಳು ಪ್ರಯೋಗದಲ್ಲಿ ತಪ್ಪಿಸಿಕೊಳ್ಳಲು ಉಳಿದಿದ್ದ ಸಂದುಗಳನ್ನು ಒಂದೊಂದಾಗಿ ಮುಚ್ಚುತ್ತಾ ಬಂದರು. 2015ರಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ 1.3 ಕಿಲೋಮೀಟರ್ ದೂರದ ಎರಡು ವಜ್ರಗಳಲ್ಲಿನ ಎಲೆಕ್ಟ್ರಾನುಗಳನ್ನು 245 ಸಲ ಅಳೆದಾಗ ಸಿಕ್ಕಿದ್ದು 2.42. ಚಪ್ಪಲಿಯ ವಿವರಣೆ ಬಿದ್ದುಹೋಯಿತು.

ಹಾಗಂತ ಬೋರ್ ಹೇಳಿದ್ದೇ ಸರಿ ಅಂತಾಯಿತೇ? ಇಲ್ಲ. ದೂರದಿಂದಲೇ ಪ್ರಭಾವ ಒಪ್ಪುವ ಡೇವಿಡ್ ಬೋಮ್ ವಿವರಣೆ ಉಳಿದಿದೆ. ಅಳತೆಯ ಪ್ರತಿ ಉತ್ತರವೂ ಒಂದೊಂದು ಲೋಕದಲ್ಲಿ ನಿಜವಾಗುತ್ತದೆ ಅನ್ನುವ, ಹ್ಯೂ ಎವರೆಟ್ ಅವರ ಹಲವು ಲೋಕಗಳ ವಿವರಣೆಯೂ ಉಳಿದಿದೆ. ಈ ಪ್ರಯೋಗಗಳಲ್ಲಿ ಎಲ್ಲವೂ ಒಂದೇ ಅಂಕಿ ಹೇಳುತ್ತವೆ.

ನನಗೆ ಜಾಸ್ತಿ ಗೌರವ ಇರುವುದು ಸೋಲುವ ಧೈರ್ಯ ಮಾಡುವ ವಿವರಣೆಗಳ ಮೇಲೆ. ಹಲವು ಸಾಧ್ಯತೆಗಳನ್ನು ಒಟ್ಟಿಗೆ ಹೊತ್ತ ಕ್ವಾಂಟಂ ಅಲೆ ಗುರುತ್ವದಿಂದಾಗಿ ತಾನಾಗಿ ಒಂದೇ ಸಾಧ್ಯತೆಗೆ ಕುಸಿಯುತ್ತದೆ ಎಂಬುದು ಅಂಥದ್ದೊಂದು. ಅದು ನಿಜವಾದರೆ ಕಣಗಳು ಅತಿ ಮಂದವಾದ ವಿಕಿರಣ ಸೂಸಬೇಕು. ಇಟಲಿಯ ಗ್ರಾನ್ ಸಾಸೊ ಬೆಟ್ಟದಡಿಯ ಪ್ರಯೋಗಾಲಯದಲ್ಲಿ, ಸೀಸದ ಗೋಡೆಯೊಳಗೆ ಜರ್ಮೇನಿಯಂ ಹರಳೊಂದನ್ನಿಟ್ಟು ವಿಜ್ಞಾನಿಗಳು ಕಾದರು. ಆ ವಿವರಣೆಯ ಅತಿ ಸರಳ ರೂಪ ಹೇಳಿದಷ್ಟು ವಿಕಿರಣ ಬರಲಿಲ್ಲ. 2020ರಲ್ಲಿ ಆ ರೂಪವನ್ನು ಪಟ್ಟಿಯಿಂದ ಹೊಡೆದುಹಾಕಿದರು.