ಗೇಟು ಮುಚ್ಚಿದ್ದರೆ ವಾಪಸ್ ಬರಬೇಕಾ? ಲಡ್ಲೋದ ನದಿ ದಂಡೆಯ ನಡಿಗೆ ಬಗ್ಗೆ

ಪ್ರಶ್ನೆ: ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ವಾರಾಂತ್ಯಕ್ಕೆ ಲಡ್ಲೋಗೆ ಹೋಗೋಣ ಅಂತಿದ್ದೇವೆ. ಅಲ್ಲಿ ನದಿ ಪಕ್ಕ ಸುಲಭವಾಗಿ ನಡೆಯುವ ದಾರಿ ಇದೆಯಾ? ಬೇರೆಯವರ ಜಮೀನಿನಲ್ಲಿ ಹೋದರೆ ಯಾರೂ ಬೈಯುವುದಿಲ್ವಾ?

ಪ್ರಶ್ನೆಯ ಮೊದಲ ಅರ್ಧ ಸುಲಭ. ಎರಡನೇ ಅರ್ಧಕ್ಕೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಬಿಸಿಲು ಬರುತ್ತಿದ್ದಂತೆ ಇದೂ ಬರುತ್ತದೆ. ಊರಿನ ಹೆಸರು ಮಾತ್ರ ಬೇರೆ. ಇರಲಿ, ಮೊದಲು ದಾರಿ ಹೇಳಿಬಿಡುತ್ತೇನೆ.

ಇಂಗ್ಲೆಂಡಿನ ಶ್ರಾಪ್‌ಶೈರ್ ಕೌಂಟಿಯ ದಕ್ಷಿಣದ ತುದಿಯಲ್ಲಿ, ಗುಡ್ಡದ ಮೇಲೆ ಲಡ್ಲೋ ಇದೆ. ವೇಲ್ಸ್‌ನಲ್ಲಿ ಹುಟ್ಟಿದ ಟೀಮ್ ನದಿ ಆ ಗುಡ್ಡವನ್ನು ಬಳಸಿಕೊಂಡು ಹರಿಯುತ್ತದೆ. ಶ್ರೂಸ್‌ಬರಿ ಮತ್ತು ಹೆರಿಫರ್ಡ್ ನಡುವಿನ ರೈಲು ಇಲ್ಲಿ ನಿಲ್ಲುತ್ತದೆ, ಹಾಗಾಗಿ ಕಾರು ಬೇಕೇಬೇಕು ಅಂತೇನಿಲ್ಲ. ಕೋಟೆಯ ಮುಂದಿನ ಚೌಕದಿಂದ ಗೋಡೆಯ ಪಕ್ಕದಲ್ಲೇ ಇಳಿಯುತ್ತಾ ಹೋದರೆ ಡಿನಮ್ ಸೇತುವೆ ಸಿಗುತ್ತದೆ. ಸೇತುವೆಗೆ ಮೊದಲೇ ನೀರಿನ ಪಕ್ಕ ಹುಲ್ಲಿನ ಮೈದಾನವಿದೆ. ಮಂಡಿನೋವಿರುವ ಹಿರಿಯರು ಅಲ್ಲೇ ಕೂತರೂ ಬಂದದ್ದು ವ್ಯರ್ಥವಾಗುವುದಿಲ್ಲ. ನೀರಿನ ಅಡ್ಡಗಟ್ಟೆ, ಅದರ ಮೇಲಿಂದ ಬೀಳುವ ನೀರು, ತಲೆಯ ಮೇಲೆ ಕೋಟೆ, ಎಲ್ಲ ಕೂತಲ್ಲೇ ಕಾಣುತ್ತದೆ.

ನಡೆಯುವವರು ಸೇತುವೆ ದಾಟಿ ಎಡಕ್ಕೆ ತಿರುಗಿ. ಅದೇ ಬ್ರೆಡ್‌ವಾಕ್. 19ನೇ ಶತಮಾನದ ನಡುವಿನಲ್ಲಿ ಈ ದಾರಿ ಕಡಿದ ಕೂಲಿಗಳಿಗೆ ದುಡ್ಡಿನ ಬದಲು ಬ್ರೆಡ್ ಕೊಟ್ಟರಂತೆ. ದುಡ್ಡು ಕೊಟ್ಟರೆ ನೇರ ಹೆಂಡದಂಗಡಿಗೆ ಹೋಗುತ್ತಾರೆ ಅಂತ! ಒಂದು ಕಡೆ ಬಂಡೆ, ಇನ್ನೊಂದು ಕಡೆ ಮರಗಳ ನಡುವೆ ಕೆಳಗೆ ನದಿ. ಹೆಚ್ಚುಕಡಿಮೆ ಮಟ್ಟಸ ದಾರಿ. ಆದರೆ ಬೇರುಗಳಿವೆ, ಮಳೆ ಬಂದರೆ ಕೆಸರು. ಗಾಲಿಕುರ್ಚಿಗೆ, ಮಕ್ಕಳ ತಳ್ಳುಗಾಡಿಗೆ ಇದು ಆಗುವುದಿಲ್ಲ. ಚಪ್ಪಲಿ ಬೇಡ, ಶೂ ಹಾಕಿಸಿ. ದಾರಿ ಮುಗಿಯುವುದು ಲಡ್‌ಫರ್ಡ್ ಸೇತುವೆ ಹತ್ತಿರ. ಸೇತುವೆ ದಾಟಿ ಬ್ರಾಡ್ ಗೇಟ್ ಎಂಬ ಹಳೆಯ ಊರಬಾಗಿಲ ಕೆಳಗೆ ಹಾದು ಬ್ರಾಡ್ ಸ್ಟ್ರೀಟ್ ಹತ್ತಿದರೆ ಮತ್ತೆ ಊರ ನಡುವೆ ಇರುತ್ತೀರಿ. ನಿಂತು ನಿಂತು ಫೋಟೋ ತೆಗೆದರೂ ಒಂದು ಗಂಟೆ ಧಾರಾಳ ಸಾಕು. ಕೊನೆಯ ಏರು ಮಾತ್ರ ಅಪ್ಪ ಅಮ್ಮನಿಗೆ ನಿಧಾನ ಆಗಲಿ.

ಲಡ್‌ಫರ್ಡ್ ಸೇತುವೆಯ ಪಕ್ಕದ ರಸ್ತೆ ತಿರುವಿನಲ್ಲಿ ಕಾಣುವ ಕಲ್ಲಿನ ಪದರಗಳನ್ನು ಸುಮ್ನೆ ದಾಟಿ ಹೋಗಬೇಡಿ. 1830ರ ದಶಕದಲ್ಲಿ ಭೂವಿಜ್ಞಾನಿ ರಾಡ್ರಿಕ್ ಮರ್ಚಿಸನ್ ಈ ಸುತ್ತಿನ ಬಂಡೆಗಳನ್ನು ಓದಿಯೇ ಸೈಲೂರಿಯನ್ ಯುಗದ ಪುಸ್ತಕ ಬರೆದದ್ದು. ಸುಮಾರು 42 ಕೋಟಿ ವರ್ಷ ಹಿಂದಿನ ಮೀನುಗಳ ಚೂರುಗಳು ಆ ಪದರದಲ್ಲಿವೆ. ನೋಡಿ, ಕೆರೆಯಬೇಡಿ. ಅದು ಕಾನೂನಿನ ರಕ್ಷಣೆಯಲ್ಲಿರುವ ಜಾಗ.

ಈಗ ಬೈಯುವ ವಿಚಾರ.

ಬ್ರೆಡ್‌ವಾಕ್‌ನಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ. ಡಿನಮ್ ಸೇತುವೆಯ ಆಚೆಗೆ ಬ್ರಾಮ್‌ಫೀಲ್ಡ್ ಹಳ್ಳಿಯ ಕಡೆಗೆ ಹೊಲಗಳ ಮೇಲೆ ಹೋಗುವಾಗ ಕಷ್ಟ ಶುರು. ಒಂದು ಗೇಟು ಬರುತ್ತದೆ. ಮುಚ್ಚಿರುತ್ತದೆ. ಒಳಗೆ ಕುರಿಗಳು. ನಮ್ಮವರು ಅಲ್ಲಿ ನಿಂತು ಮುಖ ಮುಖ ನೋಡಿಕೊಳ್ಳುತ್ತಾರೆ. “ಪ್ರೈವೇಟ್ ಇರಬೇಕು, ನಡೀರಿ ವಾಪಸ್.” ಹತ್ತು ಹೆಜ್ಜೆ ಆಚೆಗೇ ನದಿ ಕಾಣುತ್ತಿರುತ್ತದೆ!

ಹೌದು, ಅದು ಪ್ರೈವೇಟ್ ಜಮೀನೇ. ಆದರೆ ದಾರಿ ಪ್ರೈವೇಟ್ ಅಲ್ಲ. ಈ ಎರಡನ್ನೂ ಬೇರೆ ಬೇರೆ ಮಾಡಿ ನೋಡಲು ಬಂದರೆ ಇಂಗ್ಲೆಂಡಿನ ಹಳ್ಳಿಗಾಡು ನಿಮಗೆ ತೆರೆದುಕೊಂಡಂತೆಯೇ. ನಮ್ಮಲ್ಲಿ ‘ನಕಾಶೆ ಕಂಡ ದಾರಿ’ ಅನ್ನುತ್ತೇವಲ್ಲ, ಅದೇ ತರ. ಹೊಲ ಯಾರದ್ದೇ ಆಗಲಿ, ಗ್ರಾಮ ನಕ್ಷೆಯಲ್ಲಿ ಕಾಲುದಾರಿ ಇದ್ದರೆ ಅದನ್ನು ಮುಚ್ಚುವ ಹಾಗಿಲ್ಲ. ಇಲ್ಲಿ 1949ರ ಕಾಯ್ದೆಯ ಪ್ರಕಾರ ಸ್ಥಳೀಯ ಆಡಳಿತದ ಕೌನ್ಸಿಲ್‌ಗಳು ಇಂಥ ದಾರಿಗಳನ್ನೆಲ್ಲ ನಕ್ಷೆಗೆ ಏರಿಸಿದವು. ಆ ನಕ್ಷೆಯಲ್ಲಿ ದಾರಿ ಇದೆ ಅಂದರೆ ನಿಮ್ಮ ಹಕ್ಕಿಗೆ ಅದೇ ಸಾಕ್ಷಿ. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಇಂಥ ದಾರಿಗಳ ಉದ್ದ ಸುಮಾರು 2,25,000 ಕಿಲೋಮೀಟರ್.

ಗೇಟು ಮುಚ್ಚಿರುವುದು ನಿಮಗಾಗಿ ಅಲ್ಲ, ಕುರಿಗಾಗಿ. ತೆರೆಯಿರಿ, ಒಳಗೆ ಹೋಗಿ, ಹಿಂದೆ ಮುಚ್ಚಿ. ತೆರೆದೇ ಇಟ್ಟಿದ್ದರೆ ತೆರೆದೇ ಬಿಡಿ, ರೈತ ಬೇಕೆಂದೇ ಹಾಗೆ ಬಿಟ್ಟಿರುತ್ತಾನೆ. ಕಂಬದ ಮೇಲೆ ಹಳದಿ ಬಾಣ ಇದ್ದರೆ ಅದು ನಡೆಯುವವರ ದಾರಿ. ನೀಲಿ ಬಾಣ ಇದ್ದರೆ ಕುದುರೆ, ಸೈಕಲ್‌ಗೂ ಅವಕಾಶ. ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನನ್ಸ್ ಸರ್ವೇಯ ಎಕ್ಸ್‌ಪ್ಲೋರರ್ ನಕ್ಷೆಯಲ್ಲಿ ಹಸಿರು ತುಂಡುಗೆರೆಗಳನ್ನು ಹುಡುಕಿ. ಲಡ್ಲೋಗೆ 203ನೇ ಹಾಳೆ. ಕೆಲವು ಕಡೆ ಗೇಟೇ ಇರುವುದಿಲ್ಲ, ಬೇಲಿ ದಾಟಲು ಮರದ ತಡಮೆ ಇರುತ್ತದೆ. ಸೀರೆ ಉಟ್ಟವರಿಗೆ ಅದು ಕಷ್ಟ, ಮೊದಲೇ ಹೇಳಿರುತ್ತೇನೆ.

“ಆದರೆ ‘ಅತಿಕ್ರಮಿಸಿದವರ ಮೇಲೆ ಕೇಸು ಹಾಕಲಾಗುವುದು’ ಅಂತ ಬೋರ್ಡ್ ಇತ್ತು!” ಇದೂ ಪ್ರತಿ ಸಲ ಬರುತ್ತದೆ. ಇಂಗ್ಲೆಂಡಿನಲ್ಲಿ ಬೇರೆಯವರ ಜಮೀನಿಗೆ ಸುಮ್ನೆ ಕಾಲಿಡುವುದು ಸಾಮಾನ್ಯವಾಗಿ ಸಿವಿಲ್ ವಿಷಯ, ಅಪರಾಧ ಅಲ್ಲ. ರೈಲು ಹಳಿ, ಸೇನೆಯ ಕೆಲವು ಜಾಗಗಳ ಮಾತು ಬೇರೆ. ಆ ಬೋರ್ಡ್ ಹೆಚ್ಚಾಗಿ ದಾರಿ ಬಿಟ್ಟು ಆಚೀಚೆ ಹೋಗುವವರಿಗೆ. ನೀವು ದಾರಿಯ ಮೇಲಿದ್ದರೆ ಅದು ನಿಮಗಲ್ಲ. ಅಷ್ಟೇ ಅಲ್ಲ, ನಕ್ಷೆಯಲ್ಲಿರುವ ದಾರಿಯ ಹತ್ತಿರ ಜನರನ್ನು ಹೆದರಿಸುವಂಥ ಸುಳ್ಳು ಬೋರ್ಡ್ ಹಾಕುವುದೇ ಅದೇ 1949ರ ಕಾಯ್ದೆಯಡಿ ಅಪರಾಧ. ತಪ್ಪಿತಸ್ಥ ನೀವಲ್ಲ, ಬೋರ್ಡ್ ಹಾಕಿದವನು!

ಬೆಳೆ ನಿಂತ ಹೊಲದ ನಡುವೆಯೇ ದಾರಿ ಹೋದರೆ ನಮ್ಮವರ ಕಾಲು ಏಳುವುದೇ ಇಲ್ಲ. ಬೆಳೆ ತುಳಿಯಬಾರದು ಅಂತ ಬೆಳೆದವರು ನಾವು, ಅಲ್ವಾ? ಹಾಗಾಗಿ ಬದುವಿನ ಮೇಲೆ ಸುತ್ತಿಕೊಂಡು ಹೋಗುತ್ತೇವೆ. ಆದರೆ ಇಲ್ಲಿ ಅದೇ ತಪ್ಪು. ಹಕ್ಕು ಇರುವುದು ನಡುವಿನ ಗೆರೆಯ ಮೇಲೆ, ಬದುವಿನ ಮೇಲಲ್ಲ. ಉಳುಮೆ ಮಾಡಿದರೆ 14 ದಿನದೊಳಗೆ ದಾರಿಯನ್ನು ಮತ್ತೆ ಸರಿಮಾಡಿ, ಕನಿಷ್ಠ 1 ಮೀಟರ್ ಅಗಲ ಬಿಟ್ಟುಕೊಡುವುದು ರೈತನ ಕೆಲಸ. ಬಿಟ್ಟಿಲ್ಲ ಅಂದರೆ ಕೌನ್ಸಿಲ್‌ಗೆ ದೂರು ಕೊಡಿ, ರೈತನ ಜೊತೆ ಜಗಳ ಬೇಡ.

ಇಷ್ಟು ಹೇಳಿದ ಮೇಲೆ ಕೆಲವರು ಇನ್ನೊಂದು ತುದಿಗೆ ಹಾರುತ್ತಾರೆ. “ಹಾಗಾದರೆ ಎಲ್ಲಿ ಬೇಕಾದರೂ ಓಡಾಡಬಹುದು!” ಇಲ್ಲ. 2000ದ ಕಾಯ್ದೆ ಕೊಟ್ಟ ಸ್ವಾತಂತ್ರ್ಯ ಬೆಟ್ಟ, ಬೀಳುಗುಡ್ಡ, ನೋಂದಾಯಿತ ಗೋಮಾಳದಂಥ ಜಾಗಗಳಿಗೆ ಮಾತ್ರ. ಇಂಗ್ಲೆಂಡಿನ ನೆಲದಲ್ಲಿ ಅದು ಶೇಕಡಾ 8ರಷ್ಟು. ಎಲ್ಲೆಂದರಲ್ಲಿ ನಡೆಯುವ ಹಕ್ಕು ಸ್ಕಾಟ್ಲೆಂಡಿನದು, ಅವರ 2003ರ ಕಾಯ್ದೆಯಿಂದ ಬಂದದ್ದು. ಯೂಟ್ಯೂಬ್‌ನಲ್ಲಿ ಸ್ಕಾಟ್ಲೆಂಡ್ ನೋಡಿ ಶ್ರಾಪ್‌ಶೈರ್‌ನಲ್ಲಿ ಟೆಂಟ್ ಹಾಕಬೇಡಿ.

ಹೆದರಲೇಬೇಕು ಅಂತಿದ್ದರೆ ರೈತನಿಗಲ್ಲ, ಹಸುವಿಗೆ ಹೆದರಿ. ನಮ್ಮ ಅಮ್ಮಂದಿರಿಗೆ ಹಸು ಕಂಡರೆ ಹತ್ತಿರ ಹೋಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಅಭ್ಯಾಸ. ಇಲ್ಲಿ ದಯವಿಟ್ಟು ತಡೆಯಿರಿ. ಇವು ಕೊಟ್ಟಿಗೆಯಲ್ಲಿ ಕೈತುತ್ತು ತಿಂದು ಬೆಳೆದ ಹಸುಗಳಲ್ಲ. ಕರು ಜೊತೆಗಿದ್ದರೆ ನುಗ್ಗಿಬಿಡುತ್ತವೆ. ದೂರದಿಂದ ಬಳಸಿಕೊಂಡು, ಓಡದೆ, ನಿಧಾನವಾಗಿ ದಾಟಿ. ಹಸು ಮತ್ತು ಕರುವಿನ ನಡುವೆ ಹೋಗಬೇಡಿ. ನಾಯಿ ಜೊತೆಗಿದ್ದು ಹಸು ಅಟ್ಟಿಸಿಕೊಂಡು ಬಂದರೆ ಹಗ್ಗ ಬಿಟ್ಟುಬಿಡಿ, ನಾಯಿ ತಪ್ಪಿಸಿಕೊಳ್ಳುತ್ತದೆ. ಹೋರಿಗೂ ಕಾನೂನಿದೆ. ಹಾಲಿನ ತಳಿಯ, 10 ತಿಂಗಳು ದಾಟಿದ ಹೋರಿಯನ್ನು ದಾರಿ ಇರುವ ಹೊಲದಲ್ಲಿ ಬಿಡುವಂತಿಲ್ಲ. ಬೇರೆ ತಳಿಯಾದರೆ ಹಸುಗಳ ಜೊತೆ ಬಿಡಬಹುದು.

ನೀವು ಕೇಳಿಲ್ಲ, ಆದರೂ ಮುಂದಿನ ಪ್ರಶ್ನೆ ಗೊತ್ತಿದೆ. ದಾರಿ ನಮ್ಮೆಲ್ಲರದು, ಸರಿ. ನದಿ ಯಾರದು? ಇದು ಇನ್ನೂ ವಿಚಿತ್ರ. ಸಾಮಾನ್ಯವಾಗಿ ದಂಡೆಯ ಜಮೀನು ಯಾರದ್ದೋ, ನಡುನೀರಿನವರೆಗೆ ನದಿಯ ತಳವೂ ಅವರದ್ದೇ. ಎದುರು ದಂಡೆಯವನದು ಉಳಿದರ್ಧ. ಹರಿಯುವ ನೀರು ಮಾತ್ರ ಯಾರ ಸ್ವತ್ತೂ ಅಲ್ಲ. ಹಾಗಾಗಿ ದಂಡೆಯ ಮೇಲೆ ನಡೆಯುವ ಹಕ್ಕಿದ್ದ ಮಾತ್ರಕ್ಕೆ ದೋಣಿ ಬಿಡುವ, ಗಾಳ ಹಾಕುವ ಹಕ್ಕು ಬರುವುದಿಲ್ಲ.

ಡಿನಮ್‌ನ ಮೈದಾನದ ಅಂಚಿನಲ್ಲಿ ಮಕ್ಕಳು ಕಾಲು ನೆನೆಸಿದರೆ ಯಾರೂ ಏನೂ ಅನ್ನುವುದಿಲ್ಲ. ಅಡ್ಡಗಟ್ಟೆಯ ಹತ್ತಿರ ಮಾತ್ರ ಬಿಡಬೇಡಿ, ಕೆಳಗೆ ಸುಳಿ ಇರುತ್ತದೆ. ಅಪ್ಪನಿಗೆ ಮೀನು ಹಿಡಿಯುವ ಆಸೆ ಇದ್ದರೆ ಎರಡು ಒಪ್ಪಿಗೆ ಬೇಕು. ಒಂದು, ಎನ್ವಿರಾನ್‌ಮೆಂಟ್ ಏಜೆನ್ಸಿಯ ಗಾಳದ ಲೈಸೆನ್ಸ್. ಇದು 13 ವರ್ಷ ತುಂಬಿದವರಿಗೆಲ್ಲ ಬೇಕು, 16ರವರೆಗೆ ಪುಕ್ಕಟೆ. ಇನ್ನೊಂದು, ಆ ದಂಡೆಯ ಮೀನಿನ ಹಕ್ಕು ಇರುವವರ ಅನುಮತಿ. ಅದೂ ಸಾಲ್ಮನ್, ಟ್ರೌಟ್ ಬಿಟ್ಟು ಉಳಿದ ಮೀನುಗಳಿಗೆ ಮಾರ್ಚ್ 15ರಿಂದ ಜೂನ್ 15ರವರೆಗೆ ನದಿಗಳಲ್ಲಿ ಗಾಳ ಬಂದ್. ಅಪ್ಪ ಅಮ್ಮ ಬರುವುದು ಸಾಮಾನ್ಯವಾಗಿ ಆ ತಿಂಗಳುಗಳಲ್ಲೇ ಆದ್ದರಿಂದ ಗಾಳವನ್ನು ಮನೆಯಲ್ಲೇ ಬಿಟ್ಟು ಬನ್ನಿ.