‘ನೆಗೆಟಿವ್’ ಅಂತ ಬಂದೈತ್ರೀ ಮೇಡಂ

ಕೊಪ್ಪಳ ಕಡೆಯ ಆ ಅಪ್ಪ ಬೆಳಗ್ಗೆ ಏಳೂವರೆಗೇ ಒಪಿಡಿ ಬಾಗಿಲಲ್ಲಿ ನಿಂತಿದ್ದರು. ನಾನು ಬಂದ ಕೂಡಲೇ ಮೊಬೈಲ್ ಚಾಚಿದರು. ಮಗನ ರಕ್ತ ಕ್ಯಾನ್ಸರ್ ಪರೀಕ್ಷೆಯ ರಿಪೋರ್ಟ್ ಲ್ಯಾಬ್‌ನಿಂದ ರಾತ್ರಿಯೇ ಪಿಡಿಎಫ್ ಆಗಿ ಬಂದಿತ್ತು. “ನೆಗೆಟಿವ್ ಅಂತ ಬಂದೈತ್ರೀ ಮೇಡಂ. ಔಷಧಿ ಹತ್ತಲಿಲ್ಲೇನ್ರಿ?”

ಐದು ದಿನ ಕಾದಿದ್ದ ಒಳ್ಳೆಯ ಸುದ್ದಿಯೇ ಅದು! ಆ ಒಂದು ಪದದ ಅರ್ಥ ತಿರುಗಾಮುರುಗಾ ಆಗಿ ಗಂಡ ಹೆಂಡತಿ ಧರ್ಮಶಾಲೆಯಲ್ಲಿ ಅಳುತ್ತಲೇ ಬೆಳಗು ಮಾಡಿದ್ದರು. ತಪ್ಪು ನನ್ನದು, ಮೊದಲೇ ಹೇಳಿರಲಿಲ್ಲ.

ಮಕ್ಕಳಲ್ಲಿ ಹೆಚ್ಚು ಕಾಣುವ ರಕ್ತ ಕ್ಯಾನ್ಸರ್ ಎಎಲ್‌ಎಲ್ (ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ). ಅದರ ಮೊದಲ ನಾಲ್ಕೈದು ವಾರದ ಚಿಕಿತ್ಸೆಯೇ ಇಂಡಕ್ಷನ್. ಸ್ಟಿರಾಯ್ಡ್, ಆಸ್ಪರಾಜಿನೇಸ್, ವಿನ್‌ಕ್ರಿಸ್ಟಿನ್ ಎಲ್ಲ ಇದರಲ್ಲಿ ಬರುತ್ತವೆ. ವಿನ್‌ಕ್ರಿಸ್ಟಿನ್ ಮೂಲತಃ ನಮ್ಮ ಹಿತ್ತಲ ಕಾಶಿ ಕಣಗಲೆಯಿಂದ ಬಂದದ್ದು. ಹಾಗಂತ ಎಲೆ ಅರೆದು ಕುಡಿಸಬೇಡಿ, ವಿಷ. ಕುಡಿಸಬಹುದಾ ಎಂದು ಕೇಳಿದವರಿದ್ದಾರೆ.

ಇಂಡಕ್ಷನ್ ಮುಗಿದಾಗ ಸೊಂಟದ ಮೂಳೆಯಿಂದ ಮಜ್ಜೆ ತೆಗೆಯುತ್ತೇವೆ. ಸೂಕ್ಷ್ಮದರ್ಶಕದಲ್ಲಿ ಕ್ಯಾನ್ಸರ್ ಕಣ ಶೇ 5ಕ್ಕಿಂತ ಕಡಿಮೆ ಇದ್ದರೆ ರೆಮಿಷನ್, ಅಂದರೆ ರೋಗ ಹತೋಟಿಗೆ ಬಂದಿದೆ ಅನ್ನುತ್ತೇವೆ. ಆದರೆ ಕಣ್ಣಿಗೆ ಬೀಳದೆ ಅಡಗಿರುವವೂ ಇರುತ್ತವೆ. ಹಾಗೆ ಅಳಿದುಳಿದ ಕಣಗಳನ್ನು ಹುಡುಕುವುದು ಎಂಆರ್‌ಡಿ (ಮಿನಿಮಲ್ ರೆಸಿಡ್ಯುಯಲ್ ಡಿಸೀಸ್) ಪರೀಕ್ಷೆ. ಆ ಅಪ್ಪ ತೋರಿಸಿದ್ದು ಇದರದೇ ರಿಪೋರ್ಟ್. 10,000 ಕಣಗಳ ನಡುವೆ ಒಂದೇ ಇದ್ದರೂ ಹಿಡಿಯುತ್ತದೆ. ರಿಪೋರ್ಟ್‌ನಲ್ಲಿ ಶೇ 0.01 ಎಂದಿರುವ ಗಡಿ ಅದೇ. ಅದಕ್ಕಿಂತ ಕೆಳಗಿದ್ದರೆ ನೆಗೆಟಿವ್.

ರಿಪೋರ್ಟ್ ತಡವಾದರೆ ಏನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ಬರುತ್ತದೆ. ನಿಜಕ್ಕೂ ನಡೆಯುವುದೇ ಬೇರೆ. ಕೀಮೋ ಹೊಡೆತದಿಂದ ಚೇತರಿಸಿಕೊಳ್ಳುವ ಮಜ್ಜೆಯಲ್ಲಿ ಹೊಸದಾಗಿ ಹುಟ್ಟುವ ಒಳ್ಳೆಯ ಎಳೆ ಕಣಗಳು ನೋಡಲು ಕ್ಯಾನ್ಸರ್ ಕಣಗಳಂತೆಯೇ ಇರುತ್ತವೆ. ಯಂತ್ರ ಲಕ್ಷಗಟ್ಟಲೆ ಕಣ ಎಣಿಸಿ ಕೊಟ್ಟರೂ, ಇದು ಕಾಳು ಇದು ಜೊಳ್ಳು ಎಂದು ಬೇರ್ಪಡಿಸಲು ಅನುಭವಸ್ಥರೇ ಕೂರಬೇಕು. ಅವಸರ ಮಾಡಿಸುವುದು ನನಗಂತೂ ಇಷ್ಟವಿಲ್ಲ.

ಮಗು ಉಳಿಯುತ್ತದೋ ಇಲ್ಲವೋ ಎಂದು ಆ ಸಂಖ್ಯೆ ಹೇಳುವುದಿಲ್ಲ. ಮುಂದಿನ ಚಿಕಿತ್ಸೆ ಎಷ್ಟು ಜೋರಾಗಿರಬೇಕು ಎಂದು ನಿರ್ಧರಿಸಲು ನಮಗೆ ಅದು ಬೇಕು. ಪಾಸಿಟಿವ್ ಬಂದರೆ ಔಷಧಿ ಬಲಪಡಿಸುತ್ತೇವೆ. ನೆಗೆಟಿವ್ ಬಂದರೂ ಒಟ್ಟು ಎರಡು, ಎರಡೂವರೆ ವರ್ಷದ ಚಿಕಿತ್ಸೆ ಬಿಡುವಂತಿಲ್ಲ.

ಕಾಯುವ ದಿನಗಳಲ್ಲಿ ನನಗೆ ರಿಪೋರ್ಟ್‌ಗಿಂತ ಹೆಚ್ಚು ಭಯ ಜ್ವರದ್ದು. ಬಿಳಿ ರಕ್ತಕಣ ಕುಸಿದ ಮಗುವಿಗೆ 100.4 ಡಿಗ್ರಿ ದಾಟಿತೋ, ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಬನ್ನಿ. ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಎನ್ನಬೇಡಿ.

ಈಗ ಸ್ಯಾಂಪಲ್ ಕಳಿಸುವ ದಿನವೇ ಫೈಲಿನ ಹಿಂಬದಿಗೆ ಕನ್ನಡದಲ್ಲಿ ಬರೆದುಕೊಡುತ್ತೇನೆ: ‘ನೆಗೆಟಿವ್ ಅಂದರೆ ಒಳ್ಳೆಯದು.’

ಅಂದು ಅರ್ಥ ಬಿಡಿಸಿ ಹೇಳಿದ ಮೇಲೂ ಆ ಅಪ್ಪ ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡರು. ಸ್ಟಿರಾಯ್ಡ್‌ನಿಂದ ಕೆನ್ನೆ ಉಬ್ಬಿದ್ದ ಮಗನಿಗೆ ಇದಾವುದೂ ಬೇಕಿರಲಿಲ್ಲ. “ಅಪ್ಪಾ, ಮಂಡಕ್ಕಿ” ಎಂದು ಅಂಗಿ ಜಗ್ಗುತ್ತಿದ್ದ. ಬೆಳಗಿನಿಂದ ಅದು ಮೂರನೇ ಸಲವಂತೆ.